ಸಿಂಡರ್ ಲೇನಿನ ದಿಬ್ಬ

ಆ ಅಂಗಡಿಯ ಹೊಸಿಲು ತುಳಿಯುವುದಿಲ್ಲ ಎಂದು ಬೆರಿಲ್ ಹೆಸ್ಕೆತ್ ಹಟ ಹಿಡಿದು ಮೂವತ್ತು ವರ್ಷವಾಗಿತ್ತು. ಅಂಗಡಿ ಇದ್ದದ್ದು ಅವಳ ಮನೆಯಿಂದ ಕೂಗಳತೆಯಲ್ಲಿ. ಕ್ಲೆಗ್‌ಡೆನ್ ಊರಿಗೆಲ್ಲ ಅದೊಂದೇ ದೊಡ್ಡ ಅಂಗಡಿ. ಬೆರಿಲ್ ಮಾತ್ರ ಒಂದು ತುಂಡು ಬೆಣ್ಣೆ ಬೇಕೆಂದರೂ ಮಳೆಯಲ್ಲಿ ಕೊಡೆ ಹಿಡಿದು, ಎರಡು ಬಸ್ಸು ಬದಲಾಯಿಸಿ ಪಕ್ಕದ ಊರಿಗೆ ಹೋಗಿಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡಾಗ ಡಾಕ್ಟರು, "ಹತ್ತಿರದಲ್ಲೇ ಅಂಗಡಿ ಇದೆಯಲ್ಲ, ಅಲ್ಲಿಗೇ ಹೋಗಬಾರದೇ?" ಎಂದರು. ಪಾಪ, ಊರಿಗೆ ಹೊಸಬರು. ಅವರಿಗೂ ಸಿಕ್ಕಿತು ಮಂಗಳಾರತಿ.

ಆ ಅಂಗಡಿ ನಿಂತದ್ದು ಸಿಂಡರ್ ಲೇನ್ ಮೈದಾನದ ಎದೆಯ ಮೇಲೆ.

ನೂರು ವರ್ಷಕ್ಕೂ ಮಿಕ್ಕಿ ಕ್ಲೆಗ್‌ಡೆನ್ ಟೌನ್ ತಂಡ ಫುಟ್ಬಾಲ್ ಆಡಿದ ನೆಲ ಅದು. ಮೊದಲು ಅಲ್ಲಿದ್ದದ್ದು ಕುರಿಯೂ ಮೂಸದ ಜೌಗು. ಊರಿನ ಹತ್ತಿ ಗಿರಣಿಗಳ ಬಾಯ್ಲರಿನಿಂದ ದಿನಾ ರಾಶಿಗಟ್ಟಲೆ ಕಲ್ಲಿದ್ದಲ ಬೂದಿ ಬೀಳುತ್ತಿತ್ತು. ಗಿರಣಿಯ ಗಂಡಸರು ದುಡಿದು ಸುಸ್ತಾದ ಮೈಯಲ್ಲೇ ಆ ಬೂದಿಯನ್ನು ಕೈಗಾಡಿಗೆ ತುಂಬಿ, ತಳ್ಳಿಕೊಂಡು ಬಂದು ಜೌಗಿಗೆ ಸುರಿದರು. ಒಂದು ದಿನವಲ್ಲ, ಒಂದು ಚಳಿಗಾಲವಲ್ಲ, ವರ್ಷಗಟ್ಟಲೆ. ಜೌಗು ಮುಚ್ಚಿತು, ಮೈದಾನವಾಯಿತು. ಅದರ ಪಕ್ಕಕ್ಕೊಂದು ಬೂದಿಯ ದಿಬ್ಬವೂ ಎದ್ದಿತು. ಶನಿವಾರ ಮೂರು ಗಂಟೆಗೆ ಊರಿಗೆ ಊರೇ ಆ ದಿಬ್ಬ ಹತ್ತಿ ನಿಂತು ಆಟ ನೋಡತೊಡಗಿತು. ಬೂದಿ ಹೊತ್ತವರಿಗೆ ಕೂಲಿ ಕೊಡಲು ಕ್ಲಬ್ಬಿನ ಹತ್ತಿರ ಬಿಡಿಗಾಸೂ ಇರಲಿಲ್ಲವಾಗಿ ಒಂದೊಂದು ಶೇರು ಕೊಟ್ಟರು. ಹಾಗಾಗಿ ಊರಿನ ಅರ್ಧ ಮನೆಗಳ ಗೋಡೆಯಲ್ಲಿ, ರಾಣಿಯ ಪಟದ ಪಕ್ಕ, ಗಾಜಿನ ಚೌಕಟ್ಟಿನೊಳಗೆ ಒಂದು ಶೇರು ಪತ್ರ. ಅದನ್ನು ನೋಡಿದಾಗೆಲ್ಲ ಮಕ್ಕಳಿಗೆ ತಾತನ ಬೆವರಿನ ಕತೆ ಹೇಳುತ್ತಿದ್ದರು. ಆ ಕಾಗದಕ್ಕೊಂದು ಮತ ಇದೆ, ಆ ಮತ ಹಾಕದಿದ್ದರೆ ಮೈದಾನವೇ ಕೈಬಿಟ್ಟು ಹೋಗಬಹುದು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನುತ್ತಾರಲ್ಲ, ಥೂ, ಅದೇ ಆಯಿತು ನೋಡಿ.

ಒಂದು ಗುರುವಾರ ಪಕ್ಕದ ಮನೆಯ ಮೇವಿಸ್ ಚಹಾಕ್ಕೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತಳು. ಹಾಗೆ ಕೂತರೆ ಹೊಟ್ಟೆಯಲ್ಲಿ ಸುದ್ದಿ ಇದೆ ಅಂತ ಅರ್ಥ.

"ಕೇಳಿದ್ಯಾ ಬೆರಿಲ್? ಅಂಗಡಿ ಒಳಗೆ ಕಾಫಿ ಕುಡಿಯೋ ಜಾಗದಲ್ಲಿ ಮೈದಾನದ ಚರಿತ್ರೆ ಹಾಕ್ತಾರಂತೆ. ಗೋಡೆ ತುಂಬಾ ಹಳೇ ಫೋಟೋ. ಶನಿವಾರ ಮಧ್ಯಾಹ್ನ ಪರದೆ ತೆಗೀತಾರೆ."

"ಕೊಂದೋರೇ ತಿಥಿ ಮಾಡ್ತಾರಾ? ಚೆನ್ನಾಗಿದೆ."

"ಪರದೆ ಎಳೆಯೋರು ಯಾರು ಗೊತ್ತಾ? ಹೇಳ್ತೀನಿ, ಕಪ್ಪು ಎಸೀಬಾರ್ದು."

"ಯಾರು?"

"ಡೆಸ್ಮಂಡ್ ಗ್ರಿಮ್‌ಶಾ."

ಬೆರಿಲ್ ಕಪ್ಪು ಎಸೆಯಲಿಲ್ಲ. ಅದು ಅವಳ ಅಮ್ಮನ ಕಾಲದ ಕಪ್ಪು. ಅದನ್ನು ಮೆಲ್ಲಗೆ ಸಾಸರಿನ ಮೇಲಿಟ್ಟು, ಪಕ್ಕದಲ್ಲಿದ್ದ ಬಿಸ್ಕತ್ತಿನ ಡಬ್ಬಿ ಎತ್ತಿ ಗೋಡೆಗೆ ಎಸೆದಳು.

ಗ್ರಿಮ್‌ಶಾ ಎಂದರೆ ಆಗಿನ ಕ್ಲಬ್ಬಿನ ಅಧ್ಯಕ್ಷ, ರತ್ನಗಂಬಳಿ ವ್ಯಾಪಾರಿ. ಮೈದಾನ ಮಾರಿದವನು ಅವನೇ. ಮಾರಿದ ರೀತಿ ಕೇಳಿದರೆ ಈಗಲೂ ಮೈ ಉರಿಯುತ್ತದೆ. ಆ ವರ್ಷ ಕ್ಲೆಗ್‌ಡೆನ್ ಟೌನ್ ಅದೃಷ್ಟವೋ ಅದೃಷ್ಟ ಎಂದು ಕಪ್ಪಿನ ಪಂದ್ಯಾವಳಿಯಲ್ಲಿ ಮೇಲೇರಿತು. ಮುಂದಿನ ಆಟ ಲಂಡನ್ನಿನಲ್ಲಿ, ದೇಶದ ದೊಡ್ಡ ತಂಡವೊಂದರ ಎದುರು. ಅಂಥ ಆಟ ಊರಿನ ಬಾಳಿನಲ್ಲೇ ಬಂದಿರಲಿಲ್ಲ. ಚೀಟಿ ಎತ್ತಿ ಎದುರಾಳಿ ಯಾರೆಂದು ಗೊತ್ತಾದ ಮರುದಿನವೇ ಗ್ರಿಮ್‌ಶಾ ಶೇರುದಾರರ ಸಭೆ ಕರೆದ. ಆಟ ನಡೆಯುವ ಅದೇ ಶನಿವಾರ, ಅದೇ ಮೂರು ಗಂಟೆಗೆ. ವಿಷಯ: ಮೈದಾನದ ಮಾರಾಟ. ಊರಿನ ಜನ ನೋಟಿಸು ಓದಿ ನಕ್ಕರು. "ಕಪ್ಪಿನ ಆಟದ ದಿನ ಯಾವ ಮುಠ್ಠಾಳ ಸಭೆಗೆ ಹೋಗ್ತಾನೆ? ಯಾರೂ ಬರಲ್ಲ, ಸಭೆ ಮುಂದಕ್ಕೆ ಹೋಗುತ್ತೆ ಬಿಡಿ" ಎಂದರು. ಬೆಳಗಿನ ಜಾವ ಹನ್ನೊಂದು ಬಸ್ಸು ಹಾಡು ಹಾಡುತ್ತ ದಕ್ಷಿಣಕ್ಕೆ ಹೊರಟವು. ನಾಲ್ಕು-ಒಂದರಲ್ಲಿ ಸೋತರು. ಆದರೆ ಮೊದಲ ಗೋಲು ನಮ್ಮದು! ಆ ಗೋಲಿಗೆ ಬೆರಿಲ್ ಎಷ್ಟು ಕೂಗಿದಳೆಂದರೆ ವಾರಗಟ್ಟಲೆ ಗಂಟಲು ಬಿದ್ದುಹೋಗಿತ್ತು. ರಾತ್ರಿ ಬಸ್ಸು ಊರಿಗೆ ಮರಳುವಷ್ಟರಲ್ಲಿ ಮೈದಾನ ಮಾರಾಟವಾಗಿತ್ತು. ಫುಟ್ಬಾಲ್ ಎಂದರೆ ಮೂಗು ಮುರಿಯುವ ಒಂದಿಷ್ಟು ಶೇರುದಾರರು ಸಭೆಗೆ ಬಂದು ಗ್ರಿಮ್‌ಶಾನ ಪರವಾಗಿ ಕೈ ಎತ್ತಿದ್ದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಮೇಲೆ ಊರೆಲ್ಲ ಬೀದಿಗಿಳಿದು ಕೂಗಿತು. ಏನು ಬಂತು? ತಂಡ ನಾಲ್ಕು ವರ್ಷ ಬೇರೆ ಊರಿನ ಬಾಡಿಗೆ ಮೈದಾನದಲ್ಲಿ ಆಡಿ ಕಣ್ಣು ಮುಚ್ಚಿತು.

ಬೆರಿಲಳ ಸಿಟ್ಟು ಅಷ್ಟಕ್ಕೇ ನಿಂತಿದ್ದರೆ ಆರಿಹೋಗುತ್ತಿತ್ತೋ ಏನೋ. ಆದರೆ ಆ ಸಭೆಯಲ್ಲಿ ಅವಳ ಸ್ವಂತ ತಮ್ಮ ವಿಲ್ಫ್ ಆರ್ಮರಾಡ್ ಕೂತಿದ್ದ.

ಊರಿನಲ್ಲಿ ಕಪ್ಪಿನ ಆಟಕ್ಕೆ ಹೋಗದೆ ಉಳಿದ ಅಭಿಮಾನಿ ಅವನೊಬ್ಬನೇ. ಹಿಂದಿನ ಸಂಜೆ ಒಂದು ಕಾಗದ ಹಿಡಿದು ಅಕ್ಕನ ಮನೆಗೆ ಬಂದಿದ್ದ.

"ಬೆರಿಲ್, ನೀನು ಆಟಕ್ಕೆ ಹೋಗು, ಬೇಡ ಅನ್ನಲ್ಲ. ಇದಕ್ಕೊಂದು ಸಹಿ ಹಾಕು ಸಾಕು. ನಿನ್ನ ಮತ ನಾನು ಹಾಕ್ತೀನಿ."

"ಹುಚ್ಚು ಹಿಡೀತೇನೋ ನಿಂಗೆ? ತಾತನ ಕಾಲದಿಂದ ನಾವು ಒಟ್ಟಿಗೆ ನಿಂತು ಆಟ ನೋಡಿದೋರು. ಈಗ ಜಾಗ ಬಿಟ್ಟು ತಂಡಕ್ಕೆ ಅಪಶಕುನ ಮಾಡ್ತೀಯಾ? ಮೊದಲು ಬಸ್ಸು ಹತ್ತು, ಸಹಿ ಆಮೇಲೆ."

"ಬಸ್ಸು ಹತ್ತಿದ್ರೆ ಮೈದಾನ ಹೋಗುತ್ತೆ ಕಣೆ."

"ಹೋಗೋ ಹೋಗೋ, ನೀನೇನು ಅಭಿಮಾನಿ!" ಎಂದು ಬಾಗಿಲು ಹಾಕಿಕೊಂಡಿದ್ದಳು.

ಮರುದಿನ ಸಭೆ ಮುಗಿದಾಗ ಬಾಗಿಲಲ್ಲಿ ಗ್ರಿಮ್‌ಶಾ ವಿಲ್ಫನ ಕೈ ಕುಲುಕಿದ್ದನ್ನು ಅಂಚೆಯವನು ಕಂಡ. ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಆಟ ಬಿಟ್ಟು ಉಳಿದದ್ದೇಕೆ? ಸಹಿ ಕೇಳಿಕೊಂಡು ಅಲೆದದ್ದು ಯಾರಿಗಾಗಿ? ಅಧ್ಯಕ್ಷ ಕೈ ಕುಲುಕಿದ್ದೇಕೆ? ಲೆಕ್ಕ ಸರಿಯಾಗೇ ಕೂಡಿತು. ಅದರ ಮೇಲೆ, ಅಂಗಡಿ ಬಾಗಿಲು ತೆರೆದ ಮೊದಲ ಶನಿವಾರವೇ ವಿಲ್ಫ್ ಬುಟ್ಟಿ ಹಿಡಿದು ಒಳಗೆ ಹೋದ. ಅವತ್ತಿನಿಂದ ಒಂದು ಶನಿವಾರವೂ ತಪ್ಪಿಸಲಿಲ್ಲ. ಬೆರಿಲಳಿಗೆ ಅಷ್ಟು ಸಾಕಾಯಿತು. ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಅವನ ಹೆಂಡತಿ ಎಡಿತ್ ತೀರಿಕೊಂಡಾಗಲೂ ಹೋಗಲಿಲ್ಲ.

"ವಿಲ್ಫ್ ಇರ್ತಾನಾ ಅಲ್ಲಿ?" ಎಂದು ಬೆರಿಲ್ ಈಗ ಮೇವಿಸಳನ್ನು ಕೇಳಿದಳು.

"ಅವನು ಯಾವ ಶನಿವಾರ ಇಲ್ಲ ಹೇಳು?"

"ಹಾಗಾದ್ರೆ ಇಬ್ಬರಿಗೂ ಒಟ್ಟಿಗೇ ಮಾಡ್ತೀನಿ ಪೂಜೆ. ಊರಿನ ಮುಂದೆ ಅವನ ಮುಖ ನೋಡಿ ಹೇಳ್ತೀನಿ, ನೀನು ಕಳ್ಳ ಅಂತ. ಸಾಯೋದ್ರೊಳಗೆ ಇದೊಂದು ಮಾಡ್ಬೇಕು ನಾನು."

"ಬೇಡ ಬೆರಿಲ್. ಅವನಿಗೂ ಎಪ್ಪತ್ತು ದಾಟಿದೆ. ಒಡಹುಟ್ಟಿದೋನು."

"ಒಡಹುಟ್ಟಿದೋನು ಅಂತಲೇ ಹೊಟ್ಟೆ ಉರಿಯೋದು. ಬೇರೆಯೋನಾಗಿದ್ರೆ ಉಗಿದು ಮರೀತಿದ್ದೆ."

ಶನಿವಾರ ಅವಳು ಬೀರುವಿನ ತಳದಿಂದ ತಂಡದ ಹಸಿರು-ಕಪ್ಪು ಪಟ್ಟೆಯ ಮಫ್ಲರ್ ತೆಗೆದು ಕುತ್ತಿಗೆಗೆ ಸುತ್ತಿಕೊಂಡು ಮೇವಿಸಳ ಜೊತೆ ಹೊರಟಳು. ಅಂಗಡಿಯ ಗಾಜಿನ ಬಾಗಿಲು ತನ್ನಷ್ಟಕ್ಕೇ ಸರಿದುಕೊಂಡಿತು. ಬಾಗಿಲನ್ನು ಜೋರಾಗಿ ತಳ್ಳಿ ಒಳನುಗ್ಗಬೇಕೆಂದು ಬಂದವಳಿಗೆ ಅದೂ ಒಂದು ಅವಮಾನದಂತಾಯಿತು. ಒಳಗೆ ಬೇಕರಿಯ ವಾಸನೆ, ಕಣ್ಣು ಕುಕ್ಕುವ ಬೆಳಕು. ಕಾಫಿಯ ಮೇಜುಗಳ ಸುತ್ತ ಐವತ್ತು ಅರವತ್ತು ಜನ ಸೇರಿದ್ದರು. ಎಲ್ಲ ಹಳೇ ಮುಖಗಳು, ದಿಬ್ಬದ ಮೇಲೆ ಹೆಗಲಿಗೆ ಹೆಗಲು ತಾಗಿಸಿ ನಿಂತವರು. ಈಗ ಪುಗಸಟ್ಟೆ ಕೇಕು ತಿನ್ನುತ್ತಿದ್ದರು. ಬೆರಿಲಳನ್ನು ಕಂಡು ಒಬ್ಬಿಬ್ಬರ ಬಾಯಿ ತೆರೆದಂತೆಯೇ ನಿಂತಿತು. ಹಿಂದೆ, ಹಣ್ಣಿನ ರಾಶಿಯ ಪಕ್ಕ, ಬುಟ್ಟಿ ಹಿಡಿದು ವಿಲ್ಫ್ ಒಬ್ಬನೇ ನಿಂತಿದ್ದ. ಅವನ ಕೋಟಿನ ಕಾಲರು ಸವೆದಿತ್ತು.

ಅಂಗಡಿಯ ಮ್ಯಾನೇಜರು, ಎಳೆ ವಯಸ್ಸಿನ ಹೆಂಗಸು, ಸ್ವಾಗತ ಕೋರಿದಳು. ಗ್ರಿಮ್‌ಶಾ ಊರುಗೋಲು ಊರಿ ಎದ್ದು ಪರದೆ ಎಳೆದ. ಗೋಡೆಯ ನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಒಂದು ಫೋಟೋ: ಸಾಲಾಗಿ ನಿಂತ ಹನ್ನೊಂದು ಬಸ್ಸು, ಕಿಟಕಿಗಳಿಂದ ಕೈ ಬೀಸುವ ಜನ, ಮೊದಲ ಬಸ್ಸಿನ ಮೆಟ್ಟಿಲ ಮೇಲೆ ಮಫ್ಲರ್ ಎತ್ತಿ ಹಿಡಿದು ನಗುತ್ತಿರುವ ಬೆರಿಲ್. ಕೆಳಗೆ ಬರೆದಿತ್ತು: ಕ್ಲೆಗ್‌ಡೆನ್ ಟೌನಿನ ಚರಿತ್ರೆಯ ಮಹಾದಿನ. ಅದೇ ಫೋಟೋ ಅವಳ ಮನೆಯಲ್ಲೂ ಇತ್ತು, ಬೆಂಕಿಗೂಡಿನ ಮೇಲೆ, ತಾತನ ಶೇರಿನ ಪಕ್ಕ. ಬೂದಿ ಹೊತ್ತವರ ಹೆಸರು ಗೋಡೆಯಲ್ಲಿ ಎಲ್ಲೂ ಇರಲಿಲ್ಲ.

"ಕ್ಲಬ್ಬು ಕಷ್ಟದಲ್ಲಿತ್ತು," ಗ್ರಿಮ್‌ಶಾ ಶುರುಮಾಡಿದ. "ಆಗ ಊರಿನ ಜನರ ಒಪ್ಪಿಗೆ ಪಡೆದು..."

"ಯಾರ ಒಪ್ಪಿಗೆ?"

ಎಲ್ಲರೂ ತಿರುಗಿದರು. ಮೇವಿಸ್ ತೋಳು ಹಿಡಿದಳು, ಬೆರಿಲ್ ಕೊಡವಿದಳು.

"ಯಾರ ಒಪ್ಪಿಗೆ ಕಣಯ್ಯ? ನನ್ನ ತಾತ ಬೂದಿ ಹೊತ್ತು ಹೊತ್ತು ಕೆಮ್ಮಿ ಸತ್ತ. ನಿನ್ನಪ್ಪ ಒಂದು ಗಾಡಿ ತಳ್ಳಿದ್ನಾ? ಕಪ್ಪಿನ ಆಟದ ದಿನಾನೇ ನೋಡಿ ಸಭೆ ಇಟ್ಟೆ. ಕಳ್ಳನಾದ್ರೂ ಮನೇಲಿ ಯಾರೂ ಇಲ್ಲದಾಗ ನಾಚಿಕೊಂಡು ಬರ್ತಾನೆ. ನೀನು ನೋಟಿಸು ಅಂಟಿಸಿ ಬಂದೆ! ಇನ್ನು ನಿನ್ನ ಜೊತೆ ಕೂತು ತಾತನ ಬೂದಿ ಮಾರಿ ತಿಂದೋನು ಅಗೋ, ಅಲ್ಲಿ ಹಣ್ಣಿನ ಹತ್ರ ನಿಂತಿದಾನೆ. ನನ್ನ ತಮ್ಮ. ಒಂದೇ ಹೊಟ್ಟೇಲಿ ಹುಟ್ಟಿದೋನು. ನೋಡ್ಕೊಳ್ಳಿ ಎಲ್ಲರೂ, ಕಳ್ಳ ಹೇಗಿರ್ತಾನೆ ಅಂತ!"

ವಿಲ್ಫ್ ಬುಟ್ಟಿಯೊಳಗೆ ನೋಡುತ್ತ ನಿಂತ. ಮೂವತ್ತು ವರ್ಷ ಬೆರಿಲಳ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಹೊರಗೆ ಬಿದ್ದಿತ್ತು.

ಆಗ ಗ್ರಿಮ್‌ಶಾ ನಕ್ಕ.

"ವಿಲ್ಫ್ ಆರ್ಮರಾಡಾ? ಮಾರಿದ್ನಾ?" ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಕಾದ. "ನೀವು ಏನಾದ್ರೂ ಅನ್ನಿ ಮಿಸೆಸ್ ಹೆಸ್ಕೆತ್, ಅವನನ್ನ ಅನ್ನಬೇಡಿ. ಆ ದಿನ ನನಗೆ ಎದುರಾಗಿ ಕೈ ಎತ್ತಿದ ಒಬ್ಬನೇ ಗಂಡಸು ಅವನು. ಕೂತ್ಕೋ ಅಂದ್ರೆ ಕೂತ್ಕೊಳ್ಳಲಿಲ್ಲ, ಸುಮ್ನಿರು ಅಂದ್ರೆ ಸುಮ್ನಿರಲಿಲ್ಲ. ಕೊನೆಗೆ ಬಾಗಿಲಿಗೆ ಹೋಗಿ ರಸ್ತೆ ನೋಡ್ತಾ ನಿಂತ, ಯಾರಾದ್ರೂ ಬರ್ತಾರೇನೋ ಅಂತ. ನನಗೇ ಪಾಪ ಅನ್ನಿಸಿ ಹೋಗುವಾಗ ಕೈ ಕುಲುಕಿದೆ."

"ಸುಳ್ಳು," ಎಂದಳು ಬೆರಿಲ್.

"ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನಾಗ್ಬೇಕು? ಹೌದು, ಬೇಕಂತಲೇ ಆ ದಿನ ಇಟ್ಟೆ. ನಿಮ್ಮನ್ನ ನನಗಿಂತ ಚೆನ್ನಾಗಿ ಬಲ್ಲೋರು ಯಾರು? ಮನೆಗೆ ಬೆಂಕಿ ಬಿದ್ದಿದ್ರೂ ಆಟ ಮುಗಿಸಿಕೊಂಡೇ ಬರ್ತಿದ್ರಿ ನೀವು." ಊರುಗೋಲು ಎತ್ತಿ ಫೋಟೋ ತೋರಿಸಿದ. "ಅಷ್ಟೂ ಬಸ್ಸು ಬೇಡ. ಅದರಲ್ಲಿ ಒಂದು ಬಸ್ಸಿನ ಜನ ಬಂದಿದ್ರೂ ನಾನು ಸೋಲ್ತಿದ್ದೆ. ಒಂದೇ ಒಂದು ಬಸ್ಸು."

ಬೆರಿಲ್ ಫೋಟೋ ನೋಡಿದಳು. ಮೊದಲ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹಲ್ಲು ಕಿರಿಯುತ್ತಿದ್ದಳು ಆ ಹೆಂಗಸು. ಅವಳ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಕೇಕಿನ ತಟ್ಟೆ ಹಿಡಿದು ನಿಂತ ಹಳಬರೂ ಆ ಬಸ್ಸುಗಳಲ್ಲೇ ಇದ್ದವರು. ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಮೂವತ್ತು ವರ್ಷ ಪಬ್ಬಿನಲ್ಲಿ ವಿಲ್ಫನಿಗೆ ಬೆನ್ನು ಹಾಕಿ ಕೂತವರು ಇವರೇ ತಾನೆ. ನಾಚಿಕೆಗೆಟ್ಟವರು.

ತಿರುಗಿ ನೋಡಿದರೆ ಹಣ್ಣಿನ ರಾಶಿಯ ಹತ್ತಿರ ವಿಲ್ಫ್ ಇರಲಿಲ್ಲ.

ಅವಳು ಮೊಣಕಾಲು ಮರೆತು ಸಾಲು ಸಾಲು ಹುಡುಕಿದಳು. ಸೋಪು, ಸಕ್ಕರೆ, ಡಬ್ಬದ ಮೀನು. ಕೊನೆಗೆ ಬೆಕ್ಕು-ನಾಯಿಗಳ ತಿನಿಸಿನ ಸಾಲಿನಲ್ಲಿ ಸಿಕ್ಕಿದ. ಬುಟ್ಟಿ ನೆಲದ ಮೇಲಿಟ್ಟು, ಕೈ ಜೇಬಿನಲ್ಲಿಟ್ಟು, ಡಬ್ಬಗಳ ಕಡೆ ಮುಖ ಮಾಡಿ ನಿಂತಿದ್ದ. ಅವನ ಮನೆಯಲ್ಲಿ ಬೆಕ್ಕೂ ಇರಲಿಲ್ಲ, ನಾಯಿಯೂ ಇರಲಿಲ್ಲ.

"ಲೋ ವಿಲ್ಫ್! ಯಾಕೋ ಹೇಳಲಿಲ್ಲ ನನಗೆ?" ಕ್ಷಮಿಸು ಎನ್ನಬೇಕೆಂದು ಬಂದವಳ ಬಾಯಿಂದ ಹೊರಟದ್ದು ಇದು. ಅವಳ ತವರಿನ ಆರ್ಮರಾಡ್ ಮನೆಯವರ ನಾಲಿಗೆಗೆ ಆ ಇನ್ನೊಂದು ಮಾತು ಬರುವುದೇ ಇಲ್ಲ.

"ಹೇಳೋಕೆ ಬಂದಿದ್ದೆ. ಭಾನುವಾರ ಬೆಳಿಗ್ಗೆ. ನೀನು ಕಿಟಕಿಯಿಂದ ನೋಡಿ ಪರದೆ ಎಳೆದೆ."

ಎಳೆದದ್ದು ಅವಳಿಗೆ ನೆನಪಿತ್ತು. ಚೆನ್ನಾಗಿ ನೆನಪಿತ್ತು. ಆ ಪರದೆ ಎಳೆದದ್ದಕ್ಕೆ ಆಗ ತನ್ನನ್ನು ತಾನೇ ಮೆಚ್ಚಿಕೊಂಡಿದ್ದಳು.

"ಆಮೇಲಾದ್ರೂ ಹೇಳ್ಬಾರ್ದಿತ್ತಾ? ಬಾಯಿ ಇರಲಿಲ್ವಾ?"

ಜನ್ಮದಲ್ಲಿ ದನಿ ಏರಿಸದ ವಿಲ್ಫ್ ಆಗ ಕೂಗಿದ. ಸಾಲಿನ ಆ ತುದಿಯಲ್ಲಿದ್ದ ಹೆಂಗಸೊಬ್ಬಳು ಗಾಡಿ ಬಿಟ್ಟು ಓಡಿದಳು.

"ಯಾಕೆ ಹೇಳ್ಬೇಕು? ನನ್ನಕ್ಕ ನೀನು! ಚಿಕ್ಕವನಿದ್ದಾಗ ಆಟ ಕಾಣ್ಲಿ ಅಂತ ಹೆಗಲ ಮೇಲೆ ಕೂರಿಸಿಕೊಂಡೋಳು ನೀನು! ಅಂಥವಳು ಅಂಚೆಯವನ ಮಾತು ನಂಬಿದೆ. ಒಂದು ಸಲ, ಒಂದೇ ಒಂದು ಸಲ ಬಂದು ಕೇಳಿದ್ಯಾ, ವಿಲ್ಫ್, ನೀನು ಮಾರಿದ್ಯಾ ಅಂತ? ಬೀದಿ ಬೀದಿ ಅಲೆದೆ ಆ ಕಾಗದ ಹಿಡಿದು, ಎಲ್ಲರೂ ನಕ್ಕರು. ನೀನು ಬಾಗಿಲು ಹಾಕ್ಕೊಂಡೆ. ಆ ಸಭೇಲಿ ಬಾಗಿಲು ನೋಡ್ತಾ ನಿಂತೆ, ಯಾರೂ ಬರಲಿಲ್ಲ. ಎಡಿತ್ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಚರ್ಚಿನಲ್ಲಿ ಬಾಗಿಲು ನೋಡ್ತಾ ಕೂತೆ, ಅವತ್ತೂ ಬರಲಿಲ್ಲ ನೀನು. ಮೈದಾನ ಹೋದ್ರೆ ಹೋಗ್ಲಿ ಬೆರಿಲ್, ಅದನ್ನ ಗ್ರಿಮ್‌ಶಾ ಕದ್ದ. ನನ್ನಕ್ಕನ್ನ ಯಾರು ಕದ್ದದ್ದು?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ತಮ್ಮನ ಮಾನವನ್ನು ಬೆರಿಲ್ ಮೂವತ್ತು ವರ್ಷ ಮನೆಯೊಳಗೆ ಕಳೆದದ್ದಲ್ಲದೆ ಈಗಷ್ಟೇ ಊರ ಮುಂದೆ ನಿಲ್ಲಿಸಿ ಇನ್ನೊಮ್ಮೆ ಕಳೆದಿದ್ದಳು. ಸಿಟ್ಟು ಬಂದಿತ್ತು. ಅದನ್ನು ಯಾರ ಮೇಲೆ ಎಸೆಯಬೇಕೆಂದು ಮಾತ್ರ ತಿಳಿಯಲಿಲ್ಲ. ಗ್ರಿಮ್‌ಶಾನ ಮೇಲೆ ಎಸೆದರೆ ಅದು ತನ್ನತ್ತಲೇ ತಿರುಗಿ ಬರುತ್ತಿತ್ತು.

"ಮತ್ತೆ ಈ ಅಂಗಡಿಗೆ ಯಾಕೆ ಬರ್ತಿದ್ದೆ?" ಎಂದು ಕೊನೆಗೆ ಕೇಳಿದಳು. "ನೀನು ಬಂದದ್ದಕ್ಕೇ ಅಲ್ವೇನೋ ನಾನು ಪೂರ್ತಿ ನಂಬಿದ್ದು!"

ವಿಲ್ಫ್ ಕಾಲಿನಿಂದ ನೆಲ ತಟ್ಟಿದ. "ದಿಬ್ಬಾನ ಅವರು ಎತ್ತಿ ಒಯ್ಯಲಿಲ್ಲ. ಹರಡಿ, ಅದರ ಮೇಲೇ ಸಿಮೆಂಟು ಹಾಕಿದ್ರು. ನಾನು ರಸ್ತೇಲಿ ನಿಂತು ನೋಡಿದೀನಿ. ತಾತನ ಬೂದಿ ಇಲ್ಲೇ ಇದೆ, ಕಾಲ ಕೆಳಗೆ. ಚರ್ಚಿನ ಗೋಪುರ ಆ ಗಾಜಿನಲ್ಲಿ ಕಾಣುತ್ತಲ್ಲ, ಅದನ್ನ ನೋಡಿ ಜಾಗ ಕಂಡುಹಿಡಿದೆ. ನಾವು ನಿಲ್ತಿದ್ದದ್ದು ಇಲ್ಲೇ. ಅವನು ಅಂಗಡಿ ಕಟ್ಟಿದ ಅಂತ ನನ್ನ ಜಾಗ ನಾನ್ಯಾಕೆ ಬಿಡಲಿ? ನೀವೆಲ್ಲ ಬಿಟ್ರಿ. ಎರಡು ಬಸ್ಸು ಹತ್ತಿ ಬೆಣ್ಣೆ ತರೋಕೆ ಹೋದ್ರಿ."

ಬೆರಿಲ್ ಗಾಜಿನ ಕಡೆ ತಿರುಗಿದಳು. ಗೋಪುರ ಇದ್ದಲ್ಲೇ ಇತ್ತು. ಅದರ ಗಡಿಯಾರದಲ್ಲಿ ಮೂರಾಗುತ್ತಿತ್ತು. ಅವಳು ಹೋಗಿ ತಮ್ಮನ ಎಡಕ್ಕೆ ನಿಂತಳು.

"ಅದು ನಿನ್ನ ಜಾಗ ಅಲ್ಲ," ವಿಲ್ಫ್ ಮುಖ ತಿರುಗಿಸದೆ ಗೊಣಗಿದ. "ಅದು ಎಡಿತಳದು. ನೀನು ಈ ಕಡೆ."

ಅವಳು ಅವನ ಬೆನ್ನ ಹಿಂದೆ ಸುತ್ತಿ ಬಲಕ್ಕೆ ಬಂದಳು. ಎಡಗಡೆ ಒಬ್ಬರು ನಿಲ್ಲುವಷ್ಟು ನೆಲ ಹಾಗೇ ಖಾಲಿ ಉಳಿಯಿತು. ಇಬ್ಬರೂ ಬೆಕ್ಕಿನ ಡಬ್ಬಗಳನ್ನು ದುರುಗುಟ್ಟಿ ನೋಡುತ್ತ ನಿಂತರು. ಅವನು ಅವಳನ್ನು ಕ್ಷಮಿಸಿರಲಿಲ್ಲ. ಅದು ಅವನ ಬಿಗಿದ ದವಡೆಯಲ್ಲೇ ಕಾಣುತ್ತಿತ್ತು. ಅವಳು ಕೇಳಿಯೂ ಇರಲಿಲ್ಲ.

ಕೂಗಾಟ ಕೇಳಿ ಮ್ಯಾನೇಜರು ಓಡಿ ಬಂದು ಇಬ್ಬರ ಎದುರು ನಿಂತಳು.

"ಏನು ತೊಂದರೆ? ನಿಮಗೇನಾದ್ರೂ ಸಹಾಯ ಬೇಕಾ?"

"ಬೇಕು," ಎಂದಳು ಬೆರಿಲ್. ಮಫ್ಲರ್ ಬಿಗಿಮಾಡಿಕೊಂಡಳು; ಹಸಿ ಕಣ್ಣನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. "ಆ ಕಡೆ ಸರಿ ನೀನು. ಆಟ ಕಾಣಿಸ್ತಿಲ್ಲ."